ಕೆಳಗಿನ ಕೋಣೆ

ಮಾನಪ್ಪನ ಓದು ನಿಂತದ್ದು ನನ್ನಿಂದ. ಜನ ಅವನ ಕಾಲನ್ನು ದೂರಿದರು, ಹಣೆಬರಹವನ್ನು ದೂರಿದರು. ಅವರು ದೂರಿದಾಗಲೆಲ್ಲ ನಾನೂ ಪಕ್ಕದಲ್ಲಿ ನಿಂತು ಹೂಂಗುಟ್ಟಿದೆ. ಹನ್ನೆರಡು ವರ್ಷ ಹೂಂಗುಟ್ಟಿದೆ.

ಕಿನ್ನಾಳದ ಗೊಂಬೆ ಮಾಡುವ ಮನೆತನ ಅವನದು. ಎಳವೆಯಲ್ಲಿ ಬಂದ ಜ್ವರವೊಂದು ಎರಡೂ ಕಾಲುಗಳ ಬಲವನ್ನು ಕೊಂಡೊಯ್ದಿತ್ತು. ನೆಲಕ್ಕೆ ಕೈಯೂರಿ ತೆವಳುತ್ತಿದ್ದ. ಕೊಪ್ಪಳದಲ್ಲಿ ನಮ್ಮ ಓಣಿಯಲ್ಲೇ ಅವನ ಸೋದರತ್ತೆಯ ಮನೆ, ಅಲ್ಲಿದ್ದು ಓದುತ್ತಿದ್ದ. ನಮ್ಮ ಶಾಲೆ ಒಂದು ಹಳೆಯ ವಾಡೆಯಲ್ಲಿ ನಡೆಯುತ್ತಿತ್ತು. ನಿಜಾಮರ ಕಾಲ — ಪಾಠವೆಲ್ಲ ಉರ್ದುವಿನಲ್ಲಿ. ಏಳನೆಯ ತರಗತಿಯವರೆಗೆ ಕೆಳಗೆ, ಎಂಟನೆಯದು ಮಾಳಿಗೆಯ ಮೇಲೆ. ಹತ್ತಲು ಕಡಿದಾದ ಕಲ್ಲಿನ ಮೆಟ್ಟಿಲು. ಹಿಡಿದುಕೊಳ್ಳಲು ಒಂದು ಹಗ್ಗವೂ ಇರಲಿಲ್ಲ.

ಏಳನೆಯದರಲ್ಲಿ ಮಾನಪ್ಪ ಎಲ್ಲರಿಗಿಂತ ಮುಂದೆ. ನಾನು ಲೆಕ್ಕದಲ್ಲಿ ನಪಾಸು. ಮೈ ಮಾತ್ರ ಗರಡಿಯಲ್ಲಿ ಪಳಗಿದ್ದು. ಹೈದರಾಬಾದಿನಿಂದ ಬಂದಿದ್ದ ಹೆಡ್ ಮಾಸ್ತರರು ಇಬ್ಬರನ್ನೂ ನೋಡಿ, ಇವನನ್ನು ದಿನಾಲೂ ಹೊತ್ತು ತರುವುದಾದರೆ ನೀನೂ ಮೇಲೆ ಕೂತುಕೋ ಎಂದರು. ಹಾಗೆ ಎಂಟನೆಯ ತರಗತಿ ಸೇರಿದವನು ನಾನು — ತಲೆಯಿಂದಲ್ಲ, ಬೆನ್ನಿನಿಂದ. ಓಣಿಯಲ್ಲಿ ದೊಡ್ಡ ಹೆಸರಾಯಿತು. ಕಟ್ಟೆಯ ಮೇಲಿನ ಹೆಂಗಸರು ಕರೆದು ಚುರುಮರಿ ಕೊಡುತ್ತಿದ್ದರು. ನನ್ನವ್ವ ಹಿಗ್ಗಿ ಹೀರೇಕಾಯಿಯಾಗಿದ್ದಳು.

ಮಾನಪ್ಪ ಬೆಳಗಿನಿಂದ ಸಂಜೆಯವರೆಗೆ ನೀರು ಮುಟ್ಟುತ್ತಿರಲಿಲ್ಲ. ಕುಡಿದರೆ ನಡುವೆ ಒಮ್ಮೆ ಕೆಳಗಿಳಿಯಬೇಕು, ಇಳಿಯಬೇಕೆಂದರೆ ನನ್ನನ್ನು ಕೇಳಬೇಕು. ಅವನ ಒಣಗಿದ ತುಟಿ ನನಗೆ ಕಾಣುತ್ತಿತ್ತು. ಕಂಡೂ —

ಒಂದು ದಿನ ಶಾಲೆಯ ತನಿಖೆಗೆ ಸಾಹೇಬರು ಬಂದರು. ಸುದ್ದಿ ತಿಳಿದು ಮಾನಪ್ಪನ ಅಪ್ಪ ಕಿನ್ನಾಳದಿಂದ ನಡೆದು ಬಂದಿದ್ದ. ಆತನಿಗೆ ಉರ್ದು ಬಾರದು. ಸಾಹೇಬರಿಗಾಗಲಿ ಹೆಡ್ ಮಾಸ್ತರರಿಗಾಗಲಿ ಕನ್ನಡ ಬಾರದು. ಕನ್ನಡ ಬಲ್ಲ ಮಾಸ್ತರರು ಮೇಲೆ ಪಾಠದಲ್ಲಿದ್ದರು. ಮಾನಪ್ಪನೂ ಮೇಲೆಯೇ — ನಾನು ಹೊತ್ತು ತರದೆ ಅವನು ಇಳಿಯುವುದೆಲ್ಲಿ ಬಂತು? ಸಾಹೇಬರಿಗೆ ನೀರು ತಂದು ನಿಂತಿದ್ದ ನನಗೇ, ಇವನ ಮಾತನ್ನು ಉರ್ದುವಿನಲ್ಲಿ ಹೇಳು ಎಂದರು.

"ಸಾಹೇಬ್ರಿಗೆ ಹೇಳಪಾ ತಮ್ಮಾ," ಎಂದು ಆತ ಕೈಮುಗಿದ. "ಕೆಳಗಿನ ಖೋಲಿ ಖಾಲಿ ಬಿದ್ದೈತಿ. ಮ್ಯಾಲಿನ ಹುಡುಗ್ರನ್ನ ಅಲ್ಲಿ ಕುಂಡ್ರಿಸಿದ್ರ ನನ್ನ ಮಗ ತಾನಾ ಬರ್ತಾನ, ತಾನಾ ಹೋಗ್ತಾನ. ಯಾರ ಹಂಗೂ ಬ್ಯಾಡ. ಇಷ್ಟ ಹೇಳು."

ತರಗತಿ ಕೆಳಗಿಳಿದರೆ ನನ್ನ ಬೆನ್ನು ಯಾರಿಗೆ ಬೇಕು? ಮರುದಿನವೇ ನಾನು ಏಳನೆಯದಕ್ಕೆ. ಇಷ್ಟೇ ಯೋಚಿಸಿದ್ದು. ಯೋಚಿಸಲು ಹೆಚ್ಚು ಹೊತ್ತೂ ಹಿಡಿಯಲಿಲ್ಲ.

ಇವನಿಗೆ ಯಾವ ತೊಂದರೆಯೂ ಇಲ್ಲವಂತೆ — ಎಂದು ಉರ್ದುವಿನಲ್ಲಿ ಹೇಳಿದೆ — ಮಗನನ್ನು ನಾನು ಹೊತ್ತು ತರುತ್ತೇನಲ್ಲ, ಅದಕ್ಕೆ ಹುಜೂರರಿಗೆ ಸಲಾಂ ಮಾಡಲು ಬಂದಿದ್ದಾನಂತೆ.

ಸಾಹೇಬರ ಮುಖ ಅರಳಿತು. ಮುರಿದ ಬೆಂಚುಗಳಿದ್ದ ಆ ಕೋಣೆಯತ್ತ ನೋಡಿ, ಇವನು ಕೇಳಿದ್ದರೆ ಇಲ್ಲೇ ಕೂರಿಸಬಹುದಿತ್ತು ಎಂದು ತಾವಾಗಿಯೇ ಹೆಡ್ ಮಾಸ್ತರರಿಗೆ ಅಂದರು. ಆಮೇಲೆ ನನ್ನ ಭುಜ ತಟ್ಟಿದರು. ಆಗಲಾದರೂ ನಾನು —

"ಏನಂದ್ರಪಾ?" ಎಂದು ಆತ ಕೇಳಿದ.

"ನೋಡ್ತಾರಂತ್ರಿ ಕಾಕಾ."

ಆತ ನೆಲ ಮುಟ್ಟಿ ನಮಸ್ಕರಿಸಿ ಹೊರಟ.

ಆ ಸಾಹೇಬರ ಶಿಫಾರಸಿನಿಂದಲೇ ಮೂರು ತಿಂಗಳಿಗೆ ನನಗೆ ಯಲಬುರ್ಗಾ ತಹಸೀಲಿ ಕಚೇರಿಯಲ್ಲಿ ಜವಾನನ ನೌಕರಿ ಸಿಕ್ಕಿತು. ಶಾಲೆ ಬಿಟ್ಟೆ, ಮಾನಪ್ಪನನ್ನೂ ಬಿಟ್ಟೆ. ಕೆಲವು ದಿನ ಅವನು ಕೈಗಳಿಂದಲೇ ಮೆಟ್ಟಿಲೇರಿದನಂತೆ. ಮಳೆ ಹಿಡಿದಾಗ ಜಾರಿ ಬಿದ್ದು ಮೊಣಕೈ ಮುರಿಯಿತು. ಅವನಪ್ಪ ಬಂಡಿ ಕಟ್ಟಿಕೊಂಡು ಬಂದು ಊರಿಗೆ ಕರೆದೊಯ್ದ.

ಈಗ ನಿಜಾಮರ ಆಡಳಿತ ಹೋಯಿತು. ಮಾನಪ್ಪನ ಅಪ್ಪನೂ ತೀರಿಕೊಂಡು ಆರು ವರ್ಷವಾಯಿತು. ಮೊನ್ನೆ ಧೈರ್ಯ ಮಾಡಿ ಕಿನ್ನಾಳಕ್ಕೆ ಹೋದೆ. ಮಾನಪ್ಪ ಮರದ ಗೊಂಬೆಗೆ ಬಣ್ಣ ಹಚ್ಚುತ್ತಿದ್ದ. ನನ್ನನ್ನು ಕಂಡವನೇ ಮಕ್ಕಳನ್ನು ಕೂಗಿ ಕರೆದ: "ಬರ್ರಿ ಇಲ್ಲೆ, ನನ್ನ ಹೊತ್ತು ಸಾಲಿ ಕಲಿಸಿದಾಂವ ಬಂದಾನ!" ಅದರ ಬದಲು ಕಪಾಳಕ್ಕೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಕ್ಕಳು ಹೋದ ಮೇಲೆ ಎಲ್ಲವನ್ನೂ ಹೇಳಿದೆ. ಅವನು ಬೈಯಲಿಲ್ಲ. ಒಂದೇ ಒಂದು ಕೇಳಿದ.

"ಖೋಲಿ ಕೊಡ್ತಿದ್ರೇನು ಅವ್ರು?"

ಇಲ್ಲ ಎಂದಿದ್ದರೆ ಅವನಿಗೂ ಹಗುರ, ನನಗೂ ಹಗುರ. ಆದರೆ ಆ ಮನೆಯವರಿಗೆ ಇನ್ನೊಂದು ಸುಳ್ಳು — ನಾಲಿಗೆ ಏಳಲಿಲ್ಲ.

"ಕೊಡ್ತಿದ್ರು," ಎಂದೆ.

ಮಾನಪ್ಪ ಕೈಯಲ್ಲಿದ್ದ ಗೊಂಬೆಯನ್ನು ಕೆಳಗಿಟ್ಟ.

"ಅಪ್ಪಗ ಕೇಳಾಕ ಬರಲಿಲ್ಲ ಅಂತ ತಿಳಿದಿದ್ನೋ ನಾ," ಎಂದ. "ಅಂವ ಸಾಯೂತನಕಾ ಬೈದೀನಿ. ನಿನ್ನ ಬಾಯಾಗ ನಾಕು ಮಾತು ಇರಲಿಲ್ಲೇನು ಅಂತ... ಭಾಳ ಬೈದೀನೋ."

ಆ ಬೈಗುಳಗಳೆಲ್ಲ ನನಗೆ ಬರಬೇಕಾಗಿದ್ದವು. ಅವನ್ನೆಲ್ಲ ಆತ ಒಬ್ಬನೇ ತಿಂದು ಹೋದ.