ಹೋಳಿಗೆ ತಿನ್ನದೆ ಬಂದ ನಡುಗಡ್ಡೆ

ಮೊನ್ನೆ ರಾಯಚೂರಿನ ಬಸ್ ಸ್ಟ್ಯಾಂಡಿನ ಎದುರು ಬಿಸಿ ಎಣ್ಣೆಯಿಂದ ಮಿರ್ಚಿ ಎತ್ತುತ್ತಿದ್ದರು. ಪಕ್ಕದಲ್ಲೇ ಮಂಡಕ್ಕಿ ಒಗ್ಗರಣೆಯ ಘಮ. "ಎಣ್ಣಿದು ಬ್ಯಾಡ ಬೇ ಯವ್ವಾ," ಎಂದು ಮಗಳು ಕೈ ಎಳೆದಳು. ನಾನು ಕದಲಲಿಲ್ಲ. ಆ ವಾಸನೆಯೊಳಗೆ ಮಾನ್ವಿಯ ನಮ್ಮ ಎದುರುಮನೆ ಅಕ್ಕ ನಿಂತಿದ್ದರು...

ಆಗ ಇದೇ ಮಗಳಿಗೆ ವರ ಹುಡುಕುತ್ತಿದ್ದೆವು. ಎದುರುಮನೆ ಅಕ್ಕನ ಅಣ್ಣ ತಮ್ಮ ಮಗನಿಗೆ ಇವಳನ್ನು ಕೇಳಿದ್ದರು. ಅವರ ಊರು ದೇವದುರ್ಗದ ಆಚೆ, ಕೃಷ್ಣೆಯ ನಡುಗಡ್ಡೆ. "ನೀ ನೋಡ್ಕೊಂಡು ಬಾ, ನೀ ಹ್ಞೂಂ ಅಂದ್ರ ಮುಗೀತು," ಎಂದರು ನನ್ನ ಮನೆಯವರು. ಅಕ್ಕನೇ ನನ್ನನ್ನು ಜೀಪಿನಲ್ಲಿ ಕರೆದುಕೊಂಡು ಹೊರಟರು.

ಸಿರವಾರದಲ್ಲಿ ಜೀಪು ನಿಲ್ಲಿಸಿ ಒಗ್ಗರಣೆ, ನಾಲ್ಕು ಮಿರ್ಚಿ ತಂದು ನನ್ನ ಮಡಿಲಿಗಿಟ್ಟರು. ತಾವು ಮುಟ್ಟಲಿಲ್ಲ. ಒಂದು ಕಪ್ ಚಹಾ ಕೊಡಿಸಲು ಹತ್ತು ಸಲ ಯೋಚಿಸುವ ಹೆಂಗಸು! ದೇವದುರ್ಗದಲ್ಲಿ ಮತ್ತೆ ಇಳಿದು ಭಜಿ, ಬಾಳೆಹಣ್ಣು ತಂದರು. ನನಗೆ ಅನುಮಾನ ಹತ್ತಿತು.

"ನಾನೇನು ಕಾರಹುಣ್ಣಿಮಿ ಎತ್ತೇನ್ರಿ ಅಕ್ಕಾ, ಹಿಂಗ ಮೇಸಾಕತ್ತೀರಿ?"

"ಸುಮ್ನ ತಿನ್ನ ತಂಗಿ. ಹೊಟ್ಟಿ ಗಟ್ಟಿ ಇರಬೇಕು."

ಹೊಟ್ಟೆ ತುಂಬಿಸಿ ನನಗೆ ನಿದ್ದೆ ಬರಿಸುವ ಹುನ್ನಾರ ಎಂದುಕೊಂಡೆ. ವರನಿಗೆ ಮೆಳ್ಳಗಣ್ಣೋ, ಕುಂಟುಗಾಲೋ... ಕಣ್ಣು ಇನ್ನಷ್ಟು ಅಗಲಿಸಿ ಕುಳಿತೆ. ದಾರಿ ಮಾತ್ರ ಬಲು ಚೆಂದ. ಯಾರೋ ಪೇರಿಸಿಟ್ಟಂತೆ ಬಂಡೆಯ ಮೇಲೆ ಬಂಡೆ, ನಡುನಡುವೆ ನಿಂತ ನೀರು, ಕಾಲುವೆ ದಾಟಿದರೆ ಹಸಿರು ಗದ್ದೆ. ಕೊನೆಗೆ ಕಂಡಳು ಕೃಷ್ಣೆ, ಕರಿಕಲ್ಲುಗಳ ನಡುವೆ ನಾಲ್ಕು ಸೀಳಾಗಿ ಹರಿಯುತ್ತ. ಅಕ್ಕ ಒಮ್ಮೆಯೂ ತಲೆ ಎತ್ತಿ ನೋಡಲಿಲ್ಲ. ತವರಿಗೆ ಹೊರಟ ಹೆಣ್ಣಿಗೆ ಇದೆಂಥ ಮುಖ? ಅನುಮಾನಕ್ಕೆ ಇನ್ನೊಂದು ಗಂಟು ಬಿತ್ತು.

ಹರಿಗೋಲಿನಲ್ಲಿ ದಾಟಿ ಹೋದೆವು. ವರನ ಎದುರು ಬೇಕೆಂದೇ ನನ್ನ ಎಲೆ ಅಡಿಕೆ ಚೀಲ ಬೀಳಿಸಿದೆ. ಓಡಿ ಬಂದು, ಉರುಳಿದ ಅಡಿಕೆಯನ್ನೂ ಹುಡುಕಿ ಎತ್ತಿಕೊಟ್ಟ. ಕಣ್ಣೂ ನೆಟ್ಟಗೆ, ಕಾಲೂ ನೆಟ್ಟಗೆ! ಮನೆ ಚೊಕ್ಕಟ, ಕೊಟ್ಟಿಗೆ ತುಂಬ ದನ. ಮಗಳು ಇಲ್ಲಿ ಸುಖವಾಗಿರುತ್ತಾಳೆ ಎನ್ನಿಸಿತು.

"ಊಟಕ್ಕ ಏಳ್ರಿ, ಹೋಳಿಗಿ ಆರತಾವು," ಎಂದರು ವರನ ತಾಯಿ.

ನಮ್ಮಲ್ಲಿ ವರನ ಮನೆ ನೋಡಲು ಹೋದವರು ಚಹಾ ಕುಡಿಯಬಹುದು. ಕುಳಿತು ಹೋಳಿಗೆ ತಿಂದರೆ ಮಾತು ಮುಗಿದಂತೆ, ಹೆಣ್ಣು ಕೊಟ್ಟಂತೆ. ತಿನ್ನಲು ನಾನು ತಯಾರಿದ್ದೆ. ಆದರೆ ತುಪ್ಪದ ವಾಸನೆಗೇ ಹೊಟ್ಟೆ ತೊಳೆಸಿತು. ಗಂಟಲವರೆಗೂ ಮಿರ್ಚಿ! ಆ ತಾಯಿಯ ಮುಖ ಸಣ್ಣದಾಯಿತು. "ಆಕಿಗೆ ಆರಾಮಿಲ್ಲ, ಬಿಡ್ರಿ ವೈನಿ," ಎಂದು ಅಕ್ಕ ನನ್ನನ್ನು ಎಬ್ಬಿಸಿಯೇ ಬಿಟ್ಟರು.

ಮರಳುವಾಗ ಹರಿಗೋಲಿನಲ್ಲಿ ಸಿಡುಕಿದೆ. "ಇಂಥಾ ಚಲೋ ಸಂಬಂಧ ನಿಮ್ಮ ಮಿರ್ಚಿಯಿಂದ ಹೋತು ನೋಡ್ರಿ!"

ಅಕ್ಕ ನೀರನ್ನೇ ನೋಡುತ್ತಿದ್ದರು. "ಈಗ ಬ್ಯಾಸಗಿ, ತೆಳಗಿನ ಕಲ್ಲು ಕಾಣತಾವು. ನನ್ನ ಮಗಳನ್ನ ಇದೇ ಗಡ್ಡಿಗೆ ಕೊಟ್ಟಿದ್ದೆ. ಆಕಿಗೆ ಬ್ಯಾನಿ ಸುರು ಆದಾಗ ಹೊಳಿ ತುಂಬಿತ್ತು. ಹರಿಗೋಲು ಬಿಡಾಕ ಯಾರೂ ಒಪ್ಪಲಿಲ್ಲ..."

ಅವರು ನಮ್ಮ ಓಣಿಗೆ ಬರುವ ಮೊದಲಿನ ಮಾತು ಅದು. ಮಗಳು ಹೆರಿಗೆಯಲ್ಲಿ ತೀರಿಹೋದಳೆಂದಷ್ಟೇ ನನಗೆ ಗೊತ್ತಿತ್ತು.

"ಮೊದ್ಲ ಹೇಳಬಾರದೇನ್ರಿ ಅಕ್ಕಾ?"

"ಅಣ್ಣನ ಮನಿ ಸಂಬಂಧಕ್ಕ ನಾ ಬ್ಯಾಡ ಅಂದ್ರ ತವರು ಮುಚ್ಚಿದಂಗ. ನಿನಗ ಹೋಳಿಗಿ ಅಂದ್ರ ಜೀವ. ಹಸಿದಿದ್ರ ತಿಂದೇ ಬಿಡ್ತಿದ್ದಿ."

ದಡ ಮುಟ್ಟಿದಾಗ ಅಕ್ಕನ ಕೈ ಹಿಡಿದು ಇಳಿಸಿದೆ.

ಮಗಳನ್ನು ರಾಯಚೂರಿಗೆ ಕೊಟ್ಟೆವು. ಎರಡು ಹೆರಿಗೆಯೂ ಮಳೆಗಾಲದಲ್ಲೇ ಆದವು, ಆಸ್ಪತ್ರೆ ಮುಂದಿನ ಬೀದಿಯಲ್ಲಿತ್ತು. ಅಕ್ಕ ತೀರಿಹೋಗಿ ಬಹಳ ವರ್ಷವಾಯಿತು. ಅವತ್ತು ದಾರಿಯುದ್ದಕ್ಕೂ ನಿಮ್ಮನ್ನು ಕಳ್ಳಿಯಂತೆ ನೋಡಿದೆ ಎಂದು ಅವರಿಗೆ ಹೇಳಬೇಕೆಂದಿದ್ದೆ. ಹೇಳಲೇ ಇಲ್ಲ...

ಮೊನ್ನೆ ಎರಡು ಮಿರ್ಚಿ ತಗೊಂಡೆ. ಒಂದನ್ನು ಮಗಳ ಕೈಗಿಟ್ಟೆ.

"ತಿನ್ನ. ಹೊಟ್ಟಿ ಗಟ್ಟಿ ಇರಬೇಕು."

ಅದು ಯಾರ ಮಾತೆಂದು ಅವಳಿಗೆ ಗೊತ್ತಿಲ್ಲ. ಇದನ್ನೆಲ್ಲ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದಿದ್ದೇನೆ, ಓದಿಕೊಳ್ಳಲಿ.