ಹೊಡೆಸಿಕೊಳ್ಳುವ ಕೆಲಸ

ಜುಲೈ ತಿಂಗಳಲ್ಲಿ ಸ್ವೀಡನ್ನಿನ ಆಫೀಸುಗಳಲ್ಲಿ ಉಳಿಯುವುದು ಗಿಡಗಳು ಮತ್ತು ನಮ್ಮಂಥವರು. ಈ ದೇಶದವರೆಲ್ಲ ಒಟ್ಟಿಗೇ ರಜೆ ಹಾಕಿ, ಬೇಸಿಗೆ ಮನೆ, ದೋಣಿ, ಸ್ಟ್ರಾಬೆರಿ ಅಂತ ಹೊರಟುಬಿಡುತ್ತಾರೆ. ನಾವು ನಮ್ಮ ರಜೆಯನ್ನು ಡಿಸೆಂಬರಿನ ಬೆಂಗಳೂರಿಗೆಂದು ಜಿಪುಣರ ಹಾಗೆ ಕೂಡಿಟ್ಟುಕೊಂಡಿರುತ್ತೇವೆ. ಆ ವರ್ಷ ಲಿಂಡ್‌ಹೋಲ್ಮೆನ್‌ನ ನದಿದಂಡೆಯ ನಮ್ಮ ಆಫೀಸಿನ ಮಹಡಿಯಲ್ಲಿ ಉಳಿದವರು ಮೂವರು: ಕಾರಿನ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ನಾನು, ಎದುರು ಮೇಜಿನ ಹುಬ್ಬಳ್ಳಿಯ ಇಂಜಿನಿಯರ್, ಮತ್ತು ಜಪಾನಿನಿಂದ ಎರಡು ವರ್ಷಕ್ಕೆಂದು ಬಂದಿದ್ದ ಒಬ್ಬ ಹುಡುಗಿ. ಹುಡುಗಿ ಅಂದರೆ ಮೂವತ್ತು ದಾಟಿದವಳೇ. ನನಗಿಂತ ಚಿಕ್ಕವರೆಲ್ಲ ನನಗೆ ಹುಡುಗಿಯರು, ಏನು ಮಾಡುವುದು.

ಒಂದು ಬೆಳಿಗ್ಗೆ ಫಿಕಾ ಎಂಬ ಇಲ್ಲಿನ ಕಾಫಿ ವಿರಾಮದ ಹೊತ್ತಿಗೆ ನಾನು ಕಾಫಿ ಹಿಡಿದು ಹೋದರೆ, ಅವಳು ತನ್ನ ಲ್ಯಾಪ್‌ಟಾಪನ್ನು ಗೋಡೆಯ ದೊಡ್ಡ ಪರದೆಗೆ ಜೋಡಿಸುತ್ತ ನಿಂತಿದ್ದಳು. ನಮ್ಮನ್ನು ನೋಡಿ ಸಂಕೋಚದಿಂದ, "ಸ್ವಲ್ಪ ಗಲಾಟೆ ಇರೋದು ಹಾಕಬಹುದಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಆ ಆಫೀಸಿನಲ್ಲಿ ಯಾರಾದರೂ ಈ ಪ್ರಶ್ನೆ ಕೇಳಲಿ ಅಂತ ನಾನು ಎಷ್ಟು ವರ್ಷದಿಂದ ಕಾದಿದ್ದೆನೋ! ಟಿವಿಯಲ್ಲಿ ಕ್ರಿಕೆಟ್ ಬಂದರೆ ಪಕ್ಕದ ಬೀದಿಗೂ ಸ್ಕೋರ್ ಕೇಳಿಸುವ ಮನೆಯಲ್ಲಿ ಬೆಳೆದವಳು ನಾನು. ಇಲ್ಲಿ ಚಪ್ಪಾಳೆ ತಟ್ಟುವ ಮುಂಚೆಯೂ ಗೋಡೆ ಎಷ್ಟು ದಪ್ಪ ಅಂತ ಯೋಚಿಸಬೇಕು.

ಅದು ಜಪಾನಿನ ಬೇಸ್‌ಬಾಲ್ ಆಲ್-ಸ್ಟಾರ್. ಅವರ ಸಂಜೆ, ನಮ್ಮ ಫಿಕಾ. ಅಲ್ಲಿ ಎರಡು ಲೀಗ್‌ಗಳಿವೆಯಂತೆ. ಎರಡರಿಂದಲೂ ಅಭಿಮಾನಿಗಳು ವೋಟು ಹಾಕಿ ತಮ್ಮ ನೆಚ್ಚಿನವರನ್ನು ಆರಿಸಿ ಆಡಿಸುತ್ತಾರೆ, ದಿನಕ್ಕೊಂದರಂತೆ ಬೆನ್ನುಬೆನ್ನಿಗೇ ಎರಡು ಪಂದ್ಯ. ಪಂದ್ಯಕ್ಕೆ ಮುಂಚೆ ಹೋಂ ರನ್ ಸ್ಪರ್ಧೆ. ಹೋಂ ರನ್ ಅಂದರೆ ನಮ್ಮ ಸಿಕ್ಸರಿನ ದಾಯಾದಿ. ನಿಗದಿಯಾದ ಹೊತ್ತಿನೊಳಗೆ ಯಾರು ಹೆಚ್ಚು ಹೊಡೆಯುತ್ತಾರೋ ಅವರು ಗೆದ್ದಂತೆ.

"ಈಗ ಎಸೆಯೋದು ನಮ್ಮಪ್ಪ," ಎಂದಳು.

ಪರದೆಯ ಮೇಲೆ ಬ್ಯಾಟು ಹಿಡಿದ ಬೆಟ್ಟದಂಥ ಆಳು ಕಾಣುತ್ತಿದ್ದ. ಎದುರಿಗೆ, ಎಸೆಯುವವರಿಗೆ ಏಟು ಬೀಳದಿರಲೆಂದು, ಒಂದು ಬಲೆ. ಬಲೆಯ ಹಿಂದಿನಿಂದ ಒಂದು ಎಡಗೈ ಹೊರಬಂತು, ಚೆಂಡು ಬಂತು, ಆಳು ಅದನ್ನು ಬೀಸಿ ಪ್ರೇಕ್ಷಕರ ಮಧ್ಯೆ ಹಾಕಿದ. ಮಗಳ ಎದುರಿಗೇ ಅಪ್ಪನಿಗೆ ಹೀಗಾಗಬೇಕೇ? ಅವಳ ಕೈ ಹಿಡಿದುಕೊಂಡು, "ಪಾಪ, ಬೇಜಾರ್ ಮಾಡ್ಕೋಬೇಡ, ಮುಂದಿನ ಬಾಲ್‌ಗೆ ನೋಡು," ಎಂದೆ. ಮುಂದಿನ ಚೆಂಡು ಆ ಆಳಿನ ಪಾದದ ಹತ್ತಿರ ನೆಲಕ್ಕೆ ಬಿತ್ತು. "ಯಾರ್ಕರ್!" ಎಂದು ನಾನೂ ಹುಬ್ಬಳ್ಳಿಯವರೂ ಒಟ್ಟಿಗೇ ಕೂಗಿದೆವು. ಅದರ ಮುಂದಿನದು ತಲೆಯ ಮೇಲೆ ಹೋಯಿತು. "ಡಾಟ್ ಬಾಲ್, ಸೂಪರ್!" ಎಂದು ಅವರು ಮೇಜು ಕುಟ್ಟಿದರು. ಮತ್ತೊಂದು ಅಡ್ಡಕ್ಕೆ ಹೋಯಿತು. ನಾವು ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ತಿರುಗಿ ನೋಡಿದರೆ ಹುಡುಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಾಳೆ.

ಆಮೇಲೆ ಅವಳೇ ಬಿಡಿಸಿ ಹೇಳಿದಳು. ಅವಳ ಅಪ್ಪನ ಕೆಲಸವೇ ಹೊಡೆಸಿಕೊಳ್ಳುವುದು. ಪ್ರಾಯದಲ್ಲಿ ಕೆಲವು ವರ್ಷ ಆಡಿ ಹೆಸರು ಮಾಡಲಾಗದೆ, ಅದೇ ತಂಡದಲ್ಲಿ ಬ್ಯಾಟುಗಾರರ ಅಭ್ಯಾಸಕ್ಕೆ ಚೆಂಡು ಎಸೆಯುವವರಾಗಿ ಉಳಿದವರು. ದಿನಾ ಎಸೆಯಬೇಕು, ಹೊಡೆಯಲು ಹದವಾಗಿರುವ ಹಾಗೆ ಎಸೆಯಬೇಕು. ಟಿವಿಯಲ್ಲಿ ಒಮ್ಮೆಯೂ ಬಂದವರಲ್ಲ. ಆ ವರ್ಷದ ಕೊನೆಗೆ ನಿವೃತ್ತಿ. ಆ ಬೆಟ್ಟದಂಥ ಆಳು ಎಳೆಯನಾಗಿದ್ದಾಗಿನಿಂದ ಇವರ ಕೈಯ ಚೆಂಡು ಹೊಡೆದೇ ದೊಡ್ಡವನಾದವನು. ಆಲ್-ಸ್ಟಾರ್‌ಗೆ ನೀವೇ ಬರಬೇಕು ಅಂತ ಕರೆದುಕೊಂಡು ಹೋಗಿದ್ದ.

"ಥ್ರೋಡೌನ್ ಹಾಕೋರು ಅನ್ನಿ!" ಎಂದರು ಹುಬ್ಬಳ್ಳಿಯವರು. ನಮ್ಮ ಕ್ರಿಕೆಟ್ ತಂಡದ ಜೊತೆಗೂ ಅಂಥವರು ಇರುತ್ತಾರೆ, ನಮಗೆ ಗೊತ್ತಿಲ್ಲದ್ದೇನಲ್ಲ. ನಾನು ನಾಲಿಗೆ ಕಚ್ಚಿಕೊಂಡೆ. ಒಬ್ಬ ಮನುಷ್ಯನ ಚೆಂಡು ಹದ ತಪ್ಪುತ್ತಿದ್ದರೆ ನಾವು ಸೂಪರ್ ಅಂತ ಮೇಜು ಕುಟ್ಟಿದ್ದೆವು.

ಆ ಆಳು ಹೇಗೋ ಒಂದು ಹೋಂ ರನ್ ಮುಂದಿದ್ದು ಮರುದಿನದ ಫೈನಲ್ ತಲುಪಿದ. ಅದರ ಬೆನ್ನಿಗೇ ಶುರುವಾದ ಪಂದ್ಯದಲ್ಲಿ ರನ್ ಬಿದ್ದ ಪರಿ ನೋಡಬೇಕಿತ್ತು! ಆಲ್-ಸ್ಟಾರ್‌ನಲ್ಲಿ ಎಸೆಯುವವರು ಕುತಂತ್ರ ಬಿಟ್ಟು ನೇರ ಚೆಂಡು ಹಾಕಿ, ತಾಕತ್ತಿದ್ದರೆ ಹೊಡಿ ಅನ್ನುತ್ತಾರಂತೆ. ಎಲ್ಲರಿಗೂ ತಾಕತ್ತಿತ್ತು. ಸ್ಕೋರ್ ಬೋರ್ಡಿನ ಅಂಕಿ ಒಂದು ಕ್ಷಣ ಸುಮ್ಮನೆ ನಿಲ್ಲಲಿಲ್ಲ. ನಾನು ಕೂತಲ್ಲೇ ಕುಪ್ಪಳಿಸುತ್ತಿದ್ದೆ. ಅವಳು ಮಾತ್ರ ಫೋನ್ ನೋಡುತ್ತಿದ್ದಳು. ಅಪ್ಪನ ಸಂದೇಶ ಬಂದಿತ್ತು: ಚೆಂಡು ಬೇಕಾದಲ್ಲಿಗೆ ಹೋಗುತ್ತಿಲ್ಲ, ನಾಳೆ ಬೇರೆಯವರು ಎಸೆಯಲಿ.

"ಇಷ್ಟು ವರ್ಷ ಎಸೆದು, ಜನರ ಎದುರಿಗೆ ಸಿಕ್ಕಿದ ಒಂದೇ ಅವಕಾಶದಿಂದ ಹೀಗೆ ಓಡಿಹೋದ್ರೆ, ಉಳಿದ ಜೀವನ ಪೂರ್ತಿ ಅದನ್ನೇ ನೆನೀತಾರೆ," ಎಂದಳು. ಆಮೇಲೆ, "ನನಗೆ ಏನನ್ನಾದರೂ ಹೊಡೀಬೇಕು ಅನ್ನಿಸ್ತಿದೆ."

ಹುಬ್ಬಳ್ಳಿಯವರು ತಮ್ಮ ಮೇಜಿನ ಕೆಳಗಿಂದ ಟೆನಿಸ್ ಬಾಲನ್ನೂ ಬ್ಯಾಟನ್ನೂ ಎಳೆದರು. ಶನಿವಾರದ ಕ್ರಿಕೆಟ್ಟಿಗೆಂದು ಇಟ್ಟುಕೊಂಡದ್ದು. ಮಧ್ಯಾಹ್ನ ಮೂವರೂ ನದಿಯ ದಂಡೆಗೆ ಹೋದೆವು. ಹುಡುಗಿ ಕ್ರಿಕೆಟ್ ಬ್ಯಾಟನ್ನು ಹೆಗಲ ಮೇಲೆ ಹೊತ್ತು ಒನಕೆ ಎತ್ತಿದವಳ ಹಾಗೆ ನಿಂತಳು. ಇವರು ಎಸೆದರು. ಅಬ್ಬಾ, ಏನು ಎಸೆತವೋ! ಒಂದು ಅವಳ ಮಂಡಿಗೆ, ಒಂದು ಬೆಂಚಿನ ಮೇಲೆ ಬಿಸಿಲು ಕಾಯಿಸುತ್ತಿದ್ದ ಅಜ್ಜಿಯ ಚೀಲಕ್ಕೆ. ನಾನು ಮೊಬೈಲಿನಲ್ಲಿ ವಿಡಿಯೋ ಮಾಡುತ್ತ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅಪ್ಪ ಒಂದು ಸಲ ನಗಲಿ ಅಂತ ಅವಳು ಅದನ್ನು ಅವರಿಗೆ ಕಳಿಸಿದಳು.

ಉತ್ತರ ತಕ್ಷಣ ಬಂತು. ಅದರಲ್ಲಿ ನಗು ಇರಲಿಲ್ಲ.

"ಮೊಣಕೈ ತಗ್ಗಿದೆ ಅಂತೆ," ಎಂದು ಅವಳು ಓದಿದಳು.

ಹುಬ್ಬಳ್ಳಿಯವರು ಮೊಣಕೈ ಎತ್ತಿ ಎಸೆದರು. ಇನ್ನೊಂದು ವಿಡಿಯೋ ಹೋಯಿತು. ಮತ್ತೆ ಉತ್ತರ: ಮುಂದಿನ ಪಾದ ಹೊಡೆಯುವವಳ ಕಡೆಗಿರಲಿ. ಮತ್ತೆ: ಬಲವಾಗಿ ಬೇಡ, ಕೈಗೆ ಕೊಡುವ ಹಾಗೆ ಹಾಕಲಿ. ಆಮೇಲೆ ಬರೆದು ಸಾಕಾಗಿ ಅವರೇ ವಿಡಿಯೋ ಕಾಲ್ ಮಾಡಿದರು. ಬೋಳುತಲೆಯ, ಸಿಡುಕು ಮುಖದ ಒಬ್ಬ ಮುದುಕರು ಹೋಟೆಲ್ ಕೋಣೆಯಲ್ಲಿ ಬನಿಯನ್ ತೊಟ್ಟು ನಿಂತು, ಇಲ್ಲದ ಚೆಂಡನ್ನು ಎಸೆದು ತೋರಿಸುತ್ತಿದ್ದರು. ಅವರ ಎಡಗೈ ಎಷ್ಟು ಸಲೀಸಾಗಿ ಬೀಸುತ್ತಿತ್ತೆಂದರೆ, ನಾನು ನಗುವುದನ್ನು ಮರೆತು ನೋಡಿದೆ. ಅವರಿಗೆ ಮಾತ್ರ ಅದು ಗೊತ್ತೇ ಆಗಲಿಲ್ಲ. ಅವರ ತಲೆಯಲ್ಲಿ ಹುಬ್ಬಳ್ಳಿಯ ಮೊಣಕೈ ಬಿಟ್ಟು ಬೇರೇನೂ ಇರಲಿಲ್ಲ.

"ಹಂಗ ಹಾಕಬೇಕಂತ ನೋಡ್ರಿ ಅಕ್ಕಾರ!" ಎಂದು ಇವರು ಬೆಂಗಳೂರು ಭಾಷೆಯನ್ನು ಗಾಳಿಗೆ ತೂರಿ, ಹೇಳಿಕೊಟ್ಟ ಹಾಗೆ ಎಸೆದರು. ಹುಡುಗಿ ಬೀಸಿದಳು. ಚೆಂಡು ನಮ್ಮ ತಲೆಗಳ ಮೇಲೆ, ದಂಡೆಯ ಮೇಲೆ ಹಾರಿ ನದಿಗೆ ಬಿತ್ತು. ದಡಕ್ಕೆ ಬರುತ್ತಿದ್ದ ದೋಣಿಯ ಪ್ರಯಾಣಿಕರು ಕೈ ಬೀಸಿದರು. ಫೋನಿನಲ್ಲಿ ಅಪ್ಪ ಎರಡೂ ತೋಳು ಮೇಲೆತ್ತಿ ಕೂಗಿದರು. ಆದರೆ ನಾಳೆ ಎಸೆಯುತ್ತೇನೆ ಅಂತ ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಮರುದಿನ ಫಿಕಾಗೆ ಮುಂಚೆಯೇ ಮೂವರೂ ಪರದೆಯ ಮುಂದೆ ಹಾಜರು. ಕಾಫಿ ಆರಿಹೋಯಿತು. ಆಳು ಬ್ಯಾಟು ಹಿಡಿದು ಬಂದ. ಬಲೆ ತಂದು ನಿಲ್ಲಿಸಿದರು. ಅದರ ಹಿಂದೆ ಯಾರಿದ್ದಾರೆ ಅಂತ ಆ ಹಾಳು ಕ್ಯಾಮೆರಾ ತೋರಿಸಲೊಲ್ಲದು. ಆಗ ಬಲೆಯ ಪಕ್ಕದಿಂದ ಕೈ ಹೊರಬಂತು.

ಎಡಗೈ.

"ಅಪ್ಪ!" ಎಂದು ಅವಳು ತನ್ನ ಭಾಷೆಯಲ್ಲೇ ಚೀರಿದಳು, ಅದನ್ನು ಯಾರೂ ಅನುವಾದಿಸಿ ಹೇಳಬೇಕಿರಲಿಲ್ಲ. ಚೆಂಡು ಹದವಾಗಿ ಬಂತು, ಹೋಯಿತು. ಇನ್ನೊಂದು ಬಂತು, ಗೋಡೆಯಾಚೆ ಹೋಯಿತು. ಮತ್ತೊಂದು. "ಏನ್ ಹೊಡದಾನ್ರೀ! ಏನ್ ಹೊಡದಾನ್ರೀ!" ಎಂದು ಹುಬ್ಬಳ್ಳಿಯವರು ಕುರ್ಚಿ ಹತ್ತಿದರು. ಕ್ರಿಕೆಟ್ ನೋಡುತ್ತ ಬೆಳೆದ ನಾನು, ಎಸೆಯುವವನ ಪಕ್ಷದಲ್ಲಿ ನಿಂತು, ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ: "ಇನ್ನೂ ಹೊಡೆಸ್ಕೊಳ್ಳಿ ಅಪ್ಪಾಜಿ! ಬಿಡಬೇಡಿ, ಹೊಡೆಸ್ಕೊಳ್ಳಿ!" ಗಲಾಟೆ ಕೇಳಿ ಕಟ್ಟಡದ ಕಾವಲಿನವನು ಬಾಗಿಲಲ್ಲಿ ಬಂದು ನಿಂತ. ಕೈಗೊಂದು ದಾಲ್ಚಿನ್ನಿ ಬನ್ ಕೊಟ್ಟು ಕೂರಿಸಿದೆ. ಸಮಯ ಮುಗಿದ ಗಂಟೆ ಹೊಡೆದಾಗ ಮೂವರೂ ತಬ್ಬಿಕೊಂಡು ಕುಣಿಯುತ್ತಿದ್ದೆವು. ಆಮೇಲೆ ಎದುರಾಳಿ ಬಂದದ್ದಾಗಲಿ, ಇವನಿಗಿಂತ ಒಂದು ಹೆಚ್ಚು ಹೊಡೆದು ಕಪ್ ಎತ್ತಿದ್ದಾಗಲಿ ನಮ್ಮ ಗಮನಕ್ಕೇ ಬರಲಿಲ್ಲ. "ನಿಮ್ಮವನು ಸೋತ, ಅಲ್ವಾ?" ಎಂದು ಆ ಕಾವಲಿನವನು ಬನ್ನು ತಿನ್ನುತ್ತ ಕೇಳಿದಾಗಲೇ ಗೊತ್ತಾದದ್ದು. ಹುಡುಗಿ ಹೌದು ಹೌದು ಅಂತ ನಗುತ್ತ ಅವನ ಕೈ ಕುಲುಕಿದಳು.

ಪಂದ್ಯ ಶುರುವಾಯಿತು. ಆ ದಿನವೂ ರನ್ನಿನ ಸುರಿಮಳೆ. ಎಸೆಯಲು ಬಂದವರೆಲ್ಲ ಹೊಡೆಸಿಕೊಂಡು, ನಕ್ಕು, ಟೋಪಿ ತೆಗೆದು ಹೋಗುತ್ತಿದ್ದರು. ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ನಮಗೂ ಕೇಳಲಿ ಅಂತ ಸ್ಪೀಕರಿಗೆ ಹಾಕಿದಳು. ಅಪ್ಪ ಏದುಸಿರು ಬಿಡುತ್ತ ಒಂದೇ ಒಂದು ಮಾತು ಕೇಳಿದರು. ಅವಳು ಉತ್ತರ ಕೊಟ್ಟಳು. ಆ ಕಡೆಯಿಂದ ಅವರು ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯದಂಥ ದನಿ ಬಂತು.

"ಏನ್ ಕೇಳಿದ್ರು?" ಎಂದೆ.

"ನಾನು ಹೇಗೆ ಹಾಕಿದೆ ಅಂತ."

"ನೀನೇನಂದೆ?"

ಅವಳು ಕಣ್ಣೊರೆಸಿಕೊಂಡಳು. "ಎಲ್ಲಾನೂ ಹೊಡೆದ, ಅಪ್ಪ, ನೀವು ಹಾಕಿದ್ದು ಒಂದನ್ನೂ ಬಿಡಲಿಲ್ಲ ಅಂದೆ."