ಕಿರುಗಾವಲಿನ ಎರಡನೇ ಪೆಟ್ಟಿಗೆ

ಮಳವಳ್ಳಿಯಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಕಬ್ಬು ಬೆಳೆಗಾರರ ಸಂಘದ ಗುಮಾಸ್ತೆ ಯಶೋದಮ್ಮ ಕಚೇರಿಗೆ ಬೀಗ ಜಡಿದು, ಬಾಗಿಲಿಗೆ 'ಕಿರುಗಾವಲಿಗೆ ಬನ್ನಿ' ಎಂದು ಬರೆದು ಹಾಕಿ, ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡು ಕಿರುಗಾವಲಿನ ಮೊದಲ ಬಸ್ಸಿಗೆ ನಿಂತಿದ್ದಾರೆ. ಕೈಯಲ್ಲಿ ಬುತ್ತಿ ಬಿಟ್ಟರೆ ಬೇರೇನೂ ಇಲ್ಲ. ಕಚೇರಿಯೇ ಸುಟ್ಟುಹೋಗಿದೆ ಎಂದುಕೊಂಡು ಇವತ್ತಿನ ಕೆಲಸ ನಡೆಸಬೇಕು. ಇದು ಅವರೇ ಹಟ ಹಿಡಿದು ಒಪ್ಪಿಸಿದ ಪರೀಕ್ಷೆ. ಒಬ್ಬ ರೈತ ಬರಿಗೈಲಿ ವಾಪಸಾದರೂ ಎರಡನೇ ಪೆಟ್ಟಿಗೆಯ ಆಟ ಅಲ್ಲಿಗೇ ಮುಗಿಯಿತು ಎಂದು ಅಧ್ಯಕ್ಷರು ಗುಡುಗಿದ್ದಾರೆ.

ಎಪ್ಪತ್ತೆರಡನೇ ಇಸವಿಯಲ್ಲಿ ಕೆಲಸಕ್ಕೆ ಸೇರಿದ ಯಶೋದಮ್ಮನ ಬದುಕೆಲ್ಲ ಕಾರ್ಡುಗಳು. ರೈತನಿಗೊಂದು, ಗದ್ದೆಗೊಂದು, ಕಟಾವಿನ ಸರದಿಗೊಂದು. ಒಂದರ ನಂಬರು ಇನ್ನೊಂದರ ಮೇಲಿರುವುದರಿಂದ ಒಂದನ್ನು ಹಿಡಿದರೆ ಮೂರೂ ಸಿಗುತ್ತವೆ. ಸರದಿ ತಪ್ಪಿದರೆ ಕಬ್ಬು ಗದ್ದೆಯಲ್ಲೇ ಒಣಗಿ, ವರ್ಷದ ದುಡಿಮೆ ನೀರಿನಲ್ಲಿ ಹೋಮ. ಅದಕ್ಕೇ ಇವೇ ಕಾರ್ಡುಗಳ ಇನ್ನೊಂದು ಪೆಟ್ಟಿಗೆ ಕಿರುಗಾವಲಿನಲ್ಲಿ, ನಯಾಜ್ ಪಾಷಾ ಅವರ ಸೈಕಲ್ ಅಂಗಡಿಯ ಹಿಂದಿನ ಕಲ್ಲಿನ ಕೋಣೆಯಲ್ಲಿದೆ. ಹೊಸ ಹೆಸರು ಸೇರಲಿ, ಸರದಿ ಬದಲಾಗಲಿ, ಎಲ್ಲವೂ ಚೀಟಿಯಾಗಿ ಸಂಜೆಯ ಬಸ್ಸಿನಲ್ಲಿ ಅಲ್ಲಿಗೆ ಹೋಗುತ್ತದೆ. ಪಾಷಾ ಅದನ್ನು ನೋಡಿ ತಮ್ಮ ಕಾರ್ಡು ತಿದ್ದುತ್ತಾರೆ.

ಇಷ್ಟೆಲ್ಲ ಜಾಣತನ ಕಳೆದ ಆಯುಧಪೂಜೆಯಲ್ಲಿ ಬೂದಿಯಾಯಿತು. "ಆ ಪೆಟ್ಗೇನೂ ನಮ್ದೇ ಅಲ್ವಾ, ಅದ್ಕೂ ಒಂದ್ ಕುಂಕ್ಮ ಬ್ಯಾಡ್ವಾ ಅಂದ್ಬುಟ್ಟು ನಾನೇ ತರ್ಸಿ ಆಪೀಸ್ ಪೆಟ್ಗೆ ಪಕ್ದಲ್ಲಿ ಮಡಗ್ದೆ ಕಣಮ್ಮ. ದೀಪ ಉರುಳೋಯ್ತು. ಎಲ್ಡೂ ಒಟ್ಗೇ ಉರ್ದ್ವು" ಎಂದು ನನಗೆ ಹೇಳುವಾಗ ಯಶೋದಮ್ಮನ ದನಿ ಈಗಲೂ ಕುಸಿಯುತ್ತದೆ.

ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವೇನು ಎಂದು ಕೂರುವ ಹೆಂಗಸಲ್ಲ ಅವರು. ಮರುದಿನವೇ ಕಿರುಗಾವಲಿಗೆ ಓಡಿದರು. ಪಾಷಾ ಅವರಿಗೆ ಚೀಟಿ ಬಿಸಾಡಿ ಅಭ್ಯಾಸವಿಲ್ಲ. ಅಂಗಡಿಯ ತಂತಿಗೆ ಚುಚ್ಚಿಡುತ್ತಾರೆ. ಮೊದಲ ದಿನದಿಂದ ಬಂದದ್ದೆಲ್ಲ ಬಂದ ಕ್ರಮದಲ್ಲೇ ಅಲ್ಲಿತ್ತು. ಇಬ್ಬರೂ ಕೆಳಗಿನ ಚೀಟಿಯಿಂದ ಒಂದೊಂದೇ ಓದುತ್ತ ಅಷ್ಟೂ ಕಾರ್ಡುಗಳನ್ನು ಮತ್ತೆ ಬರೆದರು. "ನಂದೇನೈತಮ್ಮ, ತಂತೀದು" ಎಂದು ಪಾಷಾ ನಗುತ್ತಾರೆ.

"ಪೆಟ್ಗೆ ಮಡಗಿವ್ನಿ ಅಂದ್ರೆ ಸಾಲ್ದು, ತಗ್ದು ಕೆಲ್ಸ ಮಾಡ್ಬೇಕು" ಎಂಬ ಯಶೋದಮ್ಮನ ಹಟ ಹುಟ್ಟಿದ್ದು ಅಂದಿನಿಂದ.

ಇವತ್ತು ಪಾಷಾ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಪೂರಿಗಾಲಿಯ ರೈತ ಶಿವಯ್ಯ ಸಿಡಿಮಿಡಿಗೊಂಡು ಬರುತ್ತಾರೆ. "ಏನವ್ವಾ, ಅಲ್ಲಿ ಬೀಗ ಜಡ್ದು ಇಲ್ಲಿ ಕುಂತಿದ್ದೀಯ? ನನ್ ಕಟಾವು ಚೀಟಿ ಯಾರು ಕೊಟ್ಟಾರು?"

ಕೆಳಗದ್ದೆಯ ಬದಲು ಮೇಲ್ಗದ್ದೆಯನ್ನು ಮೊದಲು ಕಡಿಯುತ್ತೇನೆಂದು ಶಿವಯ್ಯ ಹೇಳಿಹೋದದ್ದು ನಿನ್ನೆಯಷ್ಟೇ. ಆ ಬದಲಾವಣೆ ಇಲ್ಲಿಗೆ ಮುಟ್ಟಿದೆಯೋ ಇಲ್ಲವೋ? ಯಶೋದಮ್ಮನ ಬೆರಳು ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಮೂರನೆಯದರಲ್ಲಿ ಕೆಳಗದ್ದೆಗೆ ಗೀಟು ಬಿದ್ದಿದೆ. ಪಕ್ಕದಲ್ಲಿ ಪಾಷಾ ಅವರ ಸೊಟ್ಟ ಅಕ್ಷರದಲ್ಲಿ ಮೇಲ್ಗದ್ದೆ. ಯಶೋದಮ್ಮ ಕಟಾವು ಚೀಟಿ ಬರೆದುಕೊಡುತ್ತಾರೆ.

"ಮ್ಯಾಲ್ಗದ್ದೇನೇ. ಸರಿ ಬುಡು. ಇಷ್ಟಕ್ಕೆ ಇಲ್ಗಂಟ ಬರ್ಸುದ್ರಲ್ಲ" ಎಂದು ಗೊಣಗುತ್ತ ಶಿವಯ್ಯ ಬಸ್ಸಿಗೆ ಓಡುತ್ತಾರೆ.

ಯಶೋದಮ್ಮನ ಕಣ್ಣು ತುಂಬಿದೆ, ಮುಖದಲ್ಲಿ ನಗು. "ಮುಂದಿನ್ ಆಯುಧಪೂಜೇಗೆ ಅಲ್ಲೊಂದ್ ದೀಪ, ಇಲ್ಲೊಂದ್ ದೀಪ. ಆಪೀಸು ಉರ್ದೋದ್ರೂ ಶಿವಯ್ಯ ಹಿಂಗೇ ಗೊಣಗ್ಕಂಡು ಚೀಟಿ ಇಸ್ಕಂಡ್ ಓಗ್ಬೇಕು. ಅಷ್ಟೇ ಕಣಮ್ಮ ನನ್ನಾಸೆ."